ನಗಬ್ಯಾಡ್ರಿ, ಫೋಟೋ ತೆಗೀತೀನಿ

ಪರೋಪಕಾರ ಮಾಡಲು ಹೊರಟವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಬೇರೆಯವರ ಮಾತು ಗೊತ್ತಿಲ್ಲ, ನಮ್ಮ ಕ್ರೈಸ್ತ ಸಭೆಗಂತೂ ತಪ್ಪದೆ ಆಗುತ್ತಿತ್ತು. ಹದಿನೈದು ವರ್ಷ ಸೇವಾ ಸಮಿತಿಯ ಕಾರ್ಯದರ್ಶಿಯಾಗಿದ್ದವನು ನಾನು. ಆ ದಿನಗಳ ಸಂಗತಿ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಕ್ಕು ಮುಗಿದ ಮೇಲೆ ಮುಖ ಎಲ್ಲಿಡಬೇಕು ಎಂದು ತಿಳಿಯುವುದಿಲ್ಲ.

ನಾವೆಂದರೆ ಹುಬ್ಬಳ್ಳಿ, ಗದಗ, ಬಿಜಾಪುರ ಕಡೆಯಿಂದ ನೌಕರಿಗೆಂದು ಪುಣೆಗೆ ಬಂದು ನೆಲೆನಿಂತ ಕನ್ನಡ ಕ್ರೈಸ್ತರು. ಐವತ್ತು ಅರವತ್ತು ಮನೆ. ನಮ್ಮದೇ ಆದ ಚರ್ಚು ಇರಲಿಲ್ಲ. ಊರಿನ ಕ್ಯಾಂಪ್ ಭಾಗದಲ್ಲಿ ಮರಾಠಿಯವರ ಚರ್ಚಿತ್ತು. ಅವರ ಆರಾಧನೆ ಮುಗಿದು, ಅವರ ಚಪ್ಪಲಿಗಳು ಖಾಲಿಯಾದ ಜಾಗದಲ್ಲಿ ನಮ್ಮ ಚಪ್ಪಲಿ ಬಿಟ್ಟು ನಾವು ಒಳಗೆ ಹೋಗಬೇಕು. ಕಡ ತಂದ ಚರ್ಚಿನಲ್ಲಿ ಕೂತು ಬೇರೆಯವರಿಗೆ ಕೊಡುವ ಹುಮ್ಮಸ್ಸು ನಮಗೆ ಎಲ್ಲಿಂದ ಬಂತೋ ದೇವರೇ ಬಲ್ಲ.

ಜರ್ಮನಿಯ ಒಂದು ಸಣ್ಣ ಊರಿನ ಸಭೆಯವರಿಗೂ ನಮಗೂ ಸ್ನೇಹವಿತ್ತು. ಅವರು ನಮಗೆ ಸಾಮಾನು ಕಳಿಸುವುದು, ನಾವು ಅದನ್ನು ಬಡವರಿಗೆ ಹಂಚುವುದು, ಹಂಚಿದ್ದಕ್ಕೆ ಫೋಟೋ ಕಳಿಸುವುದು. ಇದು ಪದ್ಧತಿ. ಸಮಿತಿಯ ಅಧ್ಯಕ್ಷರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಕ್ಯಾಮೆರಾ ನನ್ನದು. ನನಗೆ ಒಳಗೊಳಗೇ ಒಂದು ಆಸೆಯೂ ಇತ್ತು, ಮುಚ್ಚಿಡುವುದು ಯಾಕೆ. ಒಂದಲ್ಲ ಒಂದು ದಿನ ಜರ್ಮನಿಯವರು "ನಿಮ್ಮಲ್ಲಿ ಒಬ್ಬರು ಬನ್ನಿ" ಎಂದು ಟಿಕೇಟು ಕಳಿಸುತ್ತಾರೆ, ಆ ಒಬ್ಬರು ನಾನೇ ಆಗುತ್ತೇನೆ ಎಂದು. ಸರಕಾರಿ ಕಚೇರಿಯ ಗುಮಾಸ್ತನಿಗೆ ವಿಮಾನ ಹತ್ತಲು ಬೇರೆ ದಾರಿ ಇರಲಿಲ್ಲ.

ಮೇ ತಿಂಗಳ ಕೋಟು

ತೊಂಬತ್ತರ ದಶಕದ ಮೊದಲ ವರ್ಷಗಳು. ಚಳಿಗಾಲಕ್ಕೆಂದು ಜರ್ಮನಿಯಿಂದ ಹೊರಟ ಪೆಟ್ಟಿಗೆಗಳು ಮುಂಬಯಿ ಬಂದರಿನಲ್ಲಿ ಕಾಗದಪತ್ರದ ತಕರಾರಿಗೆ ಸಿಕ್ಕಿ ನಮ್ಮ ಕೈಸೇರುವ ಹೊತ್ತಿಗೆ ಮೇ ತಿಂಗಳು. ಒಡೆದು ನೋಡಿದರೆ ಉಣ್ಣೆಯ ಕೋಟುಗಳು, ಮೊಣಕಾಲಿನ ಕೆಳಗೆ ಬರುವಂಥವು. ಕಿವಿ ಮುಚ್ಚುವ ಟೊಪ್ಪಿಗೆಗಳು. ಹಿಮದಲ್ಲಿ ಆಡುವವರು ಹಾಕಿಕೊಳ್ಳುವ ದಪ್ಪ ಕೈಗವಸುಗಳು. ಜೊತೆಗೆ ಪತ್ರ: "ನಮ್ಮ ಉಡುಪು ಹಾಕಿಕೊಂಡವರ ಚಿತ್ರಗಳನ್ನು ದಯವಿಟ್ಟು ಕಳುಹಿಸಿ."

ಆಗ ಪುಣೆಯ ಕೋಥರೂಡದಲ್ಲಿ ಎಲ್ಲಿ ನೋಡಿದರಲ್ಲಿ ಕಟ್ಟಡ ಏಳುತ್ತಿದ್ದವು. ಅಂಥ ಒಂದು ಕಟ್ಟಡದ ಪಕ್ಕ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ಇಪ್ಪತ್ತು ಕುಟುಂಬಗಳಿದ್ದವು. ನಮ್ಮ ಭಾಷೆಯವರು ಎಂದು ಅವರನ್ನೇ ಆರಿಸಿಕೊಂಡಿದ್ದೆವು. ಅವರಿಗೆಲ್ಲ ಹಿರಿಯಳು ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ತಲೆಯ ಮೇಲೆ ಹತ್ತು ಇಟ್ಟಂಗಿ ಹೊತ್ತು ಮಾತಾಡುತ್ತಲೇ ಐದನೇ ಅಂತಸ್ತು ಹತ್ತುತ್ತಿದ್ದಳು. ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು.

ಅಕ್ಕೋರು ಕೋಟು ಕೊಡುವುದು, ದೊಡ್ಡಕ್ಕ ಎರಡೂ ಕೈ ಚಾಚಿ ತೆಗೆದುಕೊಳ್ಳುವುದು, ಇದು ಮೊದಲ ಫೋಟೋ. ನನ್ನ ಫ್ಲ್ಯಾಶು ಹೊತ್ತಲಿಲ್ಲ. ಕೋಟು ವಾಪಸು ಇಸಿದುಕೊಂಡು ಮತ್ತೆ ಕೊಡಿಸಿದೆ. ಮತ್ತೂ ಹೊತ್ತಲಿಲ್ಲ. ಮತ್ತೆ ಇಸಿದುಕೊಂಡೆವು. ಮೂರನೇ ಸಲಕ್ಕೆ ದೊಡ್ಡಕ್ಕನಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ, ಫೋಟೋ ತೆಗೀತೀನಿ," ಎಂದೆ. "ಸ್ವಲ್ಪ ಮಾರಿ ಸಣ್ಣದು ಮಾಡ್ರಿ."

"ಕೋಟು ಕೊಡ್ತೀರಿ, ಮ್ಯಾಲ ನಗಬ್ಯಾಡ ಅಂತೀರಿ. ಇದ್ಹ್ಯಾಂಗ್ರಿ ಅಣ್ಣಾರ?" ಎಂದಳು.

ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ನಗುವ ಬಡವರ ಫೋಟೋ ಹೋದರೆ ಜರ್ಮನಿಯವರು ಇವರಿಗೇನೂ ಕಡಿಮೆಯಿಲ್ಲ ಎಂದುಕೊಂಡಾರು ಎಂಬ ಭಯ. ಅವಳು ಪಾಪ ಮಾರಿ ಸಣ್ಣದು ಮಾಡಿದಳು. ಆಮೇಲೆ ಇಪ್ಪತ್ತು ಕುಟುಂಬಗಳನ್ನೂ ಕೋಟು, ಟೊಪ್ಪಿಗೆ, ಕೈಗವಸು ಹಾಕಿಸಿ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದೆ. ಒಬ್ಬ ಮುದುಕ ಬೆವರಿಳಿಸುತ್ತ, "ತೆಗೀಲೇನ್ರಿ ಸಾಹೇಬ್ರ?" ಎಂದು ಮೂರು ಸಲ ಕೇಳಿದ. "ಇನ್ನೊಂದು, ಇನ್ನೊಂದು," ಎಂದೆ. ನಾಲ್ಕನೇ ಸಲ ಕೇಳಲಿಲ್ಲ, ನಿಂತಲ್ಲೇ ಕುಸಿದು ಕೂತ. ದೊಡ್ಡಕ್ಕ ಓಡಿಬಂದು ಅವನ ಟೊಪ್ಪಿಗೆ ಕಿತ್ತು ನೀರು ಹೊಯ್ದಳು. ನಾನು ಆ ಹೊತ್ತಿನಲ್ಲಿ ರೀಲು ಸುತ್ತುತ್ತಿದ್ದೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಕೋಟುಗಳನ್ನು ಅವರು ಹಾಸಿಗೆ ಮಾಡಿಕೊಂಡರು. ಕೈಗವಸು ಮಾತ್ರ ಉಪಯೋಗಕ್ಕೆ ಬಂತು. ಇಟ್ಟಂಗಿ ಹೊರುವಾಗ ಅಂಗೈ ಸುಲಿಯುವುದಿಲ್ಲವೆಂದು ದೊಡ್ಡಕ್ಕ ಅವನ್ನು ಹರಿಯುವ ತನಕ ಹಾಕಿಕೊಂಡಳು.

ಆಗಸ್ಟಿನಲ್ಲಿ ಜರ್ಮನಿಯಿಂದ ಉತ್ತರ ಬಂತು. "ಚಿತ್ರಗಳನ್ನು ನೋಡಿ ದುಃಖವಾಯಿತು. ನಿಮ್ಮಲ್ಲಿ ಮೇ ತಿಂಗಳಲ್ಲೂ ಇಷ್ಟು ಚಳಿ ಇರುತ್ತದೆಂದು ನಮಗೆ ತಿಳಿದಿರಲಿಲ್ಲ. ಈ ವರ್ಷ ಎರಡರಷ್ಟು ಕೋಟು ಕಳುಹಿಸುತ್ತಿದ್ದೇವೆ."

ನಾಲ್ಕು ಪ್ರಾರ್ಥನೆ, ಒಂದು ಸೀಟಿ

ಕ್ರಿಸ್ಮಸ್ ವಾರದಲ್ಲಿ ಅದೇ ಶೆಡ್ಡಿನವರಿಗೆ ಒಂದು ಹೊತ್ತು ಒಳ್ಳೆಯ ಊಟ ಹಾಕೋಣ ಎಂದಾಯಿತು. ಚಪಾತಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಶಿರಾ. ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಮಾಡಿದ್ದರು. ಕೆಲಸದ ದಿನ. ಕೂಲಿಗಳ ಮೇಲಿನ ಮೇಸ್ತ್ರಿ, ಮುಕಾದಮ, ಒಂದು ಗಂಟೆಗೆ ಸೀಟಿ ಊದಿ ಊಟಕ್ಕೆ ಬಿಡುತ್ತಾನೆ, ಎರಡಕ್ಕೆ ಮತ್ತೆ ಸೀಟಿ.

ಜನ ಕೈಕಾಲು ತೊಳೆದು ತಾಟು ಹಿಡಿದು ಸಾಲಾಗಿ ಕೂತರು. ಶಿರಾದ ಪಾತ್ರೆಯ ಮುಚ್ಚಳ ತೆಗೆಯುವ ಮುಂಚೆ ಪ್ರಾರ್ಥನೆ ಆಗಬೇಕಲ್ಲ. ಸಭಾಪಾಲಕರು ಚಿಕ್ಕದಾಗಿ ಮಾಡಿದರು, ಹತ್ತು ನಿಮಿಷ. ಅವರು ಮಾಡಿದ ಮೇಲೆ ಅಧ್ಯಕ್ಷರು ಸುಮ್ಮನಿದ್ದರೆ ಚೆನ್ನಾಗಿರುತ್ತದೆಯೇ? ಅಕ್ಕೋರು ಶುರು ಮಾಡಿದರು. ದೇಶದ ಮುಖಂಡರು, ಮಳೆ ಬೆಳೆ, ಪರೀಕ್ಷೆಗೆ ಕೂತ ಮಕ್ಕಳು, ಒಬ್ಬರನ್ನೂ ಬಿಡಲಿಲ್ಲ. ಅವರ ನಂತರ ಖಜಾಂಚಿ, ಅವರ ಕಂಠ ಚೆನ್ನಾಗಿದೆಯೆಂಬುದು ಅವರ ಅಭಿಪ್ರಾಯ. ಕೊನೆಗೆ ನಾನು. ನಾನಾದರೂ ಚುಟುಕಾಗಿ ಮುಗಿಸಬಹುದಿತ್ತು. ಆದರೆ ಮೂವರೂ ಅಷ್ಟು ಮಾಡಿರುವಾಗ ನನ್ನದೊಂದು ಕಡಿಮೆಯಾದರೆ ಹೇಗೆ? ಹಸಿದವರಿಗೆ ಅನ್ನ ನೀಡುವ ದೇವರ ಕರುಣೆಯ ಬಗ್ಗೆ ಕಣ್ಣು ಮುಚ್ಚಿ ವರ್ಣಿಸುತ್ತಿದ್ದೆ. ಸೀಟಿ ಕೇಳಿಸಿತು.

ಕಣ್ಣು ತೆರೆದರೆ ಸಾಲು ಖಾಲಿ. ತಾಟುಗಳನ್ನು ಬೋರಲು ಹಾಕಿ ಅಷ್ಟೂ ಜನ ಕಟ್ಟಡದ ಕಡೆ ಓಡುತ್ತಿದ್ದರು. ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ದೊಡ್ಡಕ್ಕ ಓಡುತ್ತಲೇ ತಿರುಗಿ, "ಸಂಜಿಗೆ ಬರ್ತೀವ್ರಿ, ಇಟ್ಟಿರ್ರಿ!" ಎಂದು ಕೂಗಿದಳು. ಇಡುವುದೆಲ್ಲಿ? ಪಾತ್ರೆಗಳು ಬಾಡಿಗೆಯವು, ಟೆಂಪೋದವನು ಮೂರಕ್ಕೆ ಬರುತ್ತಾನೆ. ಅವರ ಶೆಡ್ಡಿನಲ್ಲಿದ್ದ ಕೊಡ, ಬೋಗುಣಿಗಳಿಗೆ ತುಂಬಿಟ್ಟು ಬರೋಣ ಎಂಬ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಏನೆಂದರೆ ನಮಗೂ ಹಸಿವಾಗಿದೆ ಎಂಬುದು. ಅವರ ಶೆಡ್ಡಿನ ನೆರಳಲ್ಲಿ ಕೂತು ಅವರ ಊಟವನ್ನು ನಾವೇ ಉಂಡು, ಉಳಿದದ್ದನ್ನು ಡಬ್ಬಿ ಕಟ್ಟಿಕೊಂಡು ಮನೆಗೆ ಬಂದೆವು. ಎರಡು ದಿನ ನಮ್ಮ ಮನೆಯಲ್ಲಿ ಅದೇ ಶಿರಾ. ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು, ಅದೇ ನಾಚಿಕೆ.

ಮುಂದಿನ ವರ್ಷ ಊಟಕ್ಕೆ ಹೋದಾಗ ಸಭಾಪಾಲಕರು ಕೈ ಜೋಡಿಸುವ ಮುಂಚೆಯೇ ದೊಡ್ಡಕ್ಕ ಎದ್ದು ನಿಂತಳು.

"ಅಯ್ಯಾರ, ತಪ್ಪು ತಿಳೀಬ್ಯಾಡ್ರಿ. ನೀವು ಬಡಿಸಿಬಿಡ್ರಿ. ನಾವು ಉಣ್ಣೂತನ ನಿಮ್ಮ ಪ್ರಾರ್ಥನಿ ನಡೀಲಿ. ಉಣ್ಣೋದು ಬಾಯಿ, ಕಿವಿ ಖಾಲಿನ ಇರ್ತಾವ."

ದಾರವಿಲ್ಲದ ಸೂಜಿ

ಬರೀ ಇಸಿದುಕೊಳ್ಳುವುದೇ ಆಯಿತು, ನಾವೂ ಪರದೇಶಕ್ಕೆ ಏನಾದರೂ ಕೊಡಬೇಕು ಎಂದು ಒಂದು ವರ್ಷ ಅಕ್ಕೋರಿಗೆ ಅನಿಸಿತು. ಜರ್ಮನಿಯ ಸಭೆಯವರು ಒಂದು ವೃದ್ಧಾಶ್ರಮ ನಡೆಸುತ್ತಿದ್ದರು. ಅಲ್ಲಿನವರಿಗೆ ಕೌದಿ ಹೊಲಿದು ಕಳಿಸುವುದೆಂದು ನಿರ್ಧಾರವಾಯಿತು. ಹಳೆಯ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ನಮ್ಮ ಕಡೆಯ ಕೌದಿ ಎಂದರೆ ಸುಮ್ಮನೇ ಅಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಸಭೆಯಲ್ಲಿ ಕೌದಿ ಹೊಲಿಯಲು ಬರುವ ಒಬ್ಬ ಹೆಣ್ಣುಮಗಳೂ ಇಲ್ಲ. ಎಲ್ಲರೂ ನರ್ಸು, ಟೀಚರು, ಟೈಪಿಸ್ಟು.

ಬರುವವಳು ದೊಡ್ಡಕ್ಕ. ಅವಳೂ ಶೆಡ್ಡಿನ ನಾಲ್ಕು ಹೆಂಗಸರೂ ಕೆಲಸ ಮುಗಿಸಿ ಬಂದ ಮೇಲೆ ಕೂತು ಎರಡು ತಿಂಗಳಲ್ಲಿ ಆರು ಕೌದಿ ಹೊಲಿದು ಕೊಟ್ಟರು. ಬಟ್ಟೆಯನ್ನು ನಾವು ಕೊಟ್ಟೆವು. ನಮ್ಮ ಸೀರೆ ಕೊಡಲು ಯಾರಿಗೂ ಮನಸ್ಸಾಗಲಿಲ್ಲ. ಜರ್ಮನಿಯ ಪೆಟ್ಟಿಗೆಯಲ್ಲಿ ಬಂದು ಹಂಚದೆ ಉಳಿದಿದ್ದ ಅಂಗಿ, ಪರದೆ ಇದ್ದವಲ್ಲ, ಅವನ್ನೇ ಕತ್ತರಿಸಿಕೊಟ್ಟೆವು. ಜೊತೆಗಿನ ಪತ್ರ ನಾನು ಬರೆದೆ: "ನಮ್ಮ ಸಭೆಯ ಸಹೋದರಿಯರು ಪ್ರೀತಿಯಿಂದ ಸ್ವಂತ ಕೈಯಾರೆ ಹೊಲಿದದ್ದು."

ವೃದ್ಧಾಶ್ರಮದ ಒಬ್ಬ ಅಜ್ಜಿಯಿಂದ ಪತ್ರ ಬಂತು. ಕೌದಿಯ ನಡುವೆ ಇರುವ ನೀಲಿ ಚೌಕಡಿ ತುಂಡು ತೀರಿಹೋದ ತನ್ನ ಗಂಡನ ಅಂಗಿಯದು. ಗುಂಡಿಯ ಕಾಜು ತಾನೇ ಹೊಲಿದದ್ದು, ಗುರುತು ಸಿಕ್ಕಿತು. ಬಡವರಿಗೆಂದು ಕೊಟ್ಟ ಅಂಗಿ ಇಷ್ಟು ದೂರ ಹೋಗಿ ತನ್ನನ್ನೇ ಹುಡುಕಿಕೊಂಡು ಬಂತಲ್ಲ ಎಂದು ಆಕೆ ಅತ್ತಳಂತೆ. ಇದನ್ನು ಹೊಲಿದ ಸಹೋದರಿಯ ಫೋಟೋ ಬೇಕು, ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುತ್ತೇನೆ ಎಂದು ಬರೆದಿದ್ದಳು.

ಯಾರ ಫೋಟೋ ಕಳಿಸಬೇಕಿತ್ತು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ನಮಗೂ ಗೊತ್ತಿತ್ತು. ಆದರೆ "ನಮ್ಮ ಸಭೆಯ ಸಹೋದರಿ" ಎಂದು ಬರೆದಾಗಿತ್ತು. ಅಕ್ಕೋರು ಇಸ್ತ್ರಿ ಸೀರೆಯುಟ್ಟು ಎಲ್ಲಿಂದಲೋ ಕಡ ತಂದ ಇನ್ನೊಂದು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಸೂಜಿ ಎತ್ತಿ ಹಿಡಿದು ಕೂತರು. ನಾನು ಮೂರು ಕೋನದಿಂದ ತೆಗೆದೆ. ಆ ಅಜ್ಜಿಯ ತಲೆದಿಂಬಿನ ಹತ್ತಿರ ಸುಳ್ಳೊಂದನ್ನು ಇಟ್ಟುಬಂದಂತಾಯಿತು ಎಂದು ಅನಿಸಿದ್ದು ಬಹಳ ತಡವಾಗಿ.

ಅಜ್ಜಿಯ ಉತ್ತರ ಎರಡೇ ಸಾಲಿನದು. "ಚಿತ್ರ ತಲುಪಿತು, ವಂದನೆಗಳು. ಐವತ್ತು ವರ್ಷ ಹೊಲಿಗೆ ಮಾಡಿದ್ದೇನೆ, ಸೂಜಿಗೆ ದಾರ ಪೋಣಿಸದೆ ಹೊಲಿಯುವ ಪದ್ಧತಿಯನ್ನು ಈ ಸಹೋದರಿ ನನಗೂ ಕಲಿಸಬಹುದೇ?"

ದಿಕ್ಕಿಲ್ಲದವರು

ಇದನ್ನು ಬರೆಯದೆ ಬಿಡೋಣ ಎಂದಿದ್ದೆ. ಬಿಟ್ಟರೆ ಕೊನೆಯ ಪ್ರಸಂಗ ಅರ್ಥವಾಗುವುದಿಲ್ಲ.

ಮೊದಲ ವರ್ಷದ ಆ ಕೋಟಿನ ಫೋಟೋ, ದೊಡ್ಡಕ್ಕ ಮಾರಿ ಸಣ್ಣದು ಮಾಡಿ ಕೈ ಚಾಚಿದ್ದು, ಬಹಳ ಚೆನ್ನಾಗಿ ಬಂದಿತ್ತು. ದೊಡ್ಡದು ಮಾಡಿಸಿ ಚರ್ಚಿನ ಫಲಕಕ್ಕೆ ಹಚ್ಚಿದ್ದೆ. ಕೆಳಗೆ ನನ್ನ ಮುದ್ದಾದ ಅಕ್ಷರದಲ್ಲಿ ಬರೆದಿದ್ದೆ: "ದಿಕ್ಕಿಲ್ಲದವರಿಗೆ ಹೊದಿಕೆ." ವರ್ಷಗಟ್ಟಲೆ ಅದು ಅಲ್ಲೇ ಇತ್ತು.

ಒಂದು ದಿನ ದೊಡ್ಡಕ್ಕ ನನ್ನ ಕಚೇರಿಗೇ ಬಂದಳು. ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಯಾವತ್ತೂ ಸಣ್ಣದಾಗದ ಮುಖ ಅವತ್ತು ನಿಜವಾಗಿ ಸಣ್ಣದಾಗಿತ್ತು.

"ಅಣ್ಣಾರ, ಮಗಳ ಲಗ್ನ ಕೂಡಿ ಬಂದಿತ್ತು. ಹುಡುಗ ಚಾಕಣದಾಗ ಫ್ಯಾಕ್ಟರ್ಯಾಗ ಇದ್ದಾನ. ಹುಡುಗನ ಕಾಕಾ ಸುಣ್ಣಾ ಬಣ್ಣಾ ಹಚ್ಚಾಂವ. ನಿಮ್ಮ ಚರ್ಚಿಗೆ ಬಣ್ಣಾ ಹಚ್ಚಾಕ ಬಂದಾಗ ನನ್ನ ಫೋಟೋ ನೋಡ್ಯಾನ. ಬೇಡಿ ತಿನ್ನೋರ ಮನಿ ಹೆಣ್ಣು ಒಲ್ಲೆವು ಅಂತ ಹೇಳಿ ಕಳಿಸ್ಯಾರ."

ನಾನು ಏನೋ ಹೇಳಹೋದೆ. ಅವಳು ಬಿಡಲಿಲ್ಲ.

"ನಾ ನಿಮ್ಮ ಹಂತ್ಯಾಕ ಯಾವತ್ತರ ಬೇಡಿದ್ನೇನ್ರಿ? ದಿಕ್ಕಿಲ್ಲದೋರು ಅಂತ ಬರದೀರಂತ. ಊರಾಗ ನನಗ ಮೂರು ಮಂದಿ ಅಣ್ಣತಮ್ಮರು ಅದಾರ್ರಿ. ದುಡಿಯೋ ಕೈ ಅದಾವ. ನಗತಿದ್ದೆ ನಾನು, ನಗಬ್ಯಾಡ ಅಂದಾವರು ನೀವು."

ಕಚೇರಿಯಲ್ಲಿ ಎಲ್ಲರೂ ಕೇಳುತ್ತಿದ್ದರು. ಕನ್ನಡ ಬಾರದ ನಮ್ಮ ಮರಾಠಿ ಸಾಹೇಬರಿಗೂ ವಿಷಯ ತಿಳಿದಂತಿತ್ತು, ತಲೆಯೆತ್ತಿ ನನ್ನನ್ನೇ ನೋಡಿದರು. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. "ನೀವ ಬಂದು ಅವರ ಮುಂದ ಹೇಳಬೇಕು," ಎಂದಳು, ಅಷ್ಟೇ.

ಅರ್ಧ ದಿನದ ರಜೆ ಹಾಕಿ ಚಾಕಣಕ್ಕೆ ಹೋದೆ. ಫ್ಯಾಕ್ಟರಿಯ ಹಿಂದಿನ ಶೆಡ್ಡಿನ ಮುಂದೆ ಚಾಪೆ ಹಾಸಿ ನಾಲ್ಕು ಜನ ಹಿರಿಯರು ಕೂತಿದ್ದರು. ನನ್ನನ್ನೂ ಕೂರಲು ಹೇಳಿದರು. ನಾನು ನಿಂತೇ ಹೇಳಿದೆ.

"ಇವರು ಬೇಡಲಿಲ್ರಿ. ನಾವ ಕರದು ಕೊಟ್ವಿ."

ಹುಡುಗನ ಅಪ್ಪ ನಿಧಾನಿ. "ಬೇಡದನ ಯಾಕ ಕೊಟ್ರಿ?" ಎಂದ.

"ಜರ್ಮನಿಯಿಂದ ಬಂದಿದ್ವು."

"ಮತ್ತ ಫೋಟೋ ಯಾಕ ತೆಗದ್ರಿ?"

"ಕೊಟ್ಟೀವಿ ಅಂತ ಅವರಿಗೆ ತೋರಸಾಕ."

"ಅಂದ್ರ ನೀವು ಹಂಚತೀರಿ ಅಂತ ಅವರಿಗೆ ನಿಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಎಂದು ಸ್ವಲ್ಪ ಯೋಚಿಸಿ, "ಪಾಪ," ಎಂದ.

ದೊಡ್ಡಕ್ಕನನ್ನು ಬೇಡಿ ತಿನ್ನುವವಳೆಂದು ತಿಳಿದು ಬಂದ ಸಿಟ್ಟು ಅವನಿಗೆ ಅಲ್ಲಿಗೆ ಇಳಿಯಿತು. ಕರುಣೆಯೆಲ್ಲ ನನ್ನ ಕಡೆ ತಿರುಗಿತು. ಲಗ್ನ ಮಾಡಲು ಒಪ್ಪಿದರು. ದೊಡ್ಡಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಚರ್ಚಿಗೆ ಮರಳಿ ಫಲಕದ ಮುಂದೆ ನಿಂತು ಆ ಫೋಟೋ ಕಿತ್ತೆ. ಗೋಂದು ಗಟ್ಟಿಯಾಗಿತ್ತು, ನನ್ನ ಮುದ್ದಾದ ಅಕ್ಷರಗಳು ಅರ್ಧ ಫಲಕದಲ್ಲೇ ಉಳಿದವು. ಉಗುರಿನಿಂದ ಕೆರೆದು ತೆಗೆದೆ.

ಹೇಳಲು ಮರೆತೆ. ಚಾಕಣದಲ್ಲಿ ಮಾತು ಮುಗಿದು ಚಹಾ ಬಂದಾಗ ಹುಡುಗನ ಅಪ್ಪ ದೊಡ್ಡಕ್ಕನ ಕಡೆ ಬಾಗಿ ಮೆಲ್ಲಗೆ ಕೇಳಿದ: "ಆ ಫೋಟೋದಾಗಿನ ಕೋಟು ಇನ್ನೂ ಅದ ಏನ್ರಿ, ಬೀಗತಿ? ನಮ್ಮ ತಮ್ಮಗ ಹುಡುಗನ ಅಳತೀದು ಕಂಡಂಗ ಆತಂತ." ವೈಶಾಖದ ಬಿಸಿಲಲ್ಲಿ ಯಾದಗಿರಿಯಲ್ಲಿ ಲಗ್ನವಾಯಿತು. ಮದುಮಗ ಬಾಸಿಂಗ ಕಟ್ಟಿಕೊಂಡು ಮೊಣಕಾಲುದ್ದದ ಉಣ್ಣೆಯ ಕೋಟು ಹಾಕಿ ನಿಂತಿದ್ದನಂತೆ.

ಕ್ಯಾಲೆಂಡರಿನಲ್ಲಿ ಮೇ ತಿಂಗಳು

ಎರಡು ಸಾವಿರದ ಇಸವಿ ದಾಟಿತ್ತು. ಕೊನೆಗೂ ಜರ್ಮನಿಯ ಸಭೆಯಿಂದ ಇಬ್ಬರು ಬರುವುದಾಗಿ ಪತ್ರ ಬಂತು. ಒಬ್ಬರು ವಯಸ್ಸಾದ ಪಾದ್ರಿ, ಇನ್ನೊಬ್ಬರು ಕ್ಯಾಮೆರಾ ಹಿಡಿದ ಒಬ್ಬ ಹೆಂಗಸು. ಎಲ್ಲ ನೋಡಿ, ಮರಳಿ ಹೋದ ಮೇಲೆ ನಮ್ಮಲ್ಲಿ ಒಬ್ಬರನ್ನು ಕರೆಸಿಕೊಳ್ಳುತ್ತಾರಂತೆ. ನಾನು ಹೆಂಡತಿಗೆ ಹೇಳದೆ ಪಾಸ್‌ಪೋರ್ಟ್ ಮಾಡಿಸಿದೆ.

ಸಮಿತಿಯ ಸಭೆಯಲ್ಲಿ ಅಕ್ಕೋರು ಗಂಭೀರವಾಗಿ ಹೇಳಿದರು: "ಯಾರೂ ಥಳಕು ಮಾಡಬ್ಯಾಡ್ರಿ. ಬಂಗಾರ ಹಾಕಬ್ಯಾಡ್ರಿ. ನಮ್ಮನ್ನ ನೋಡಿ, ಇವರಿಗೇ ಭಾಳ ಅದ, ಇನ್ನ ನಾವೇನು ಕಳಸೋದು ಅಂದುಕೊಂಡ್ರ ಕಷ್ಟ. ಸಾದಾ ಬರ್ರಿ." ನಾನು ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡೆ. ಕಾಲರು ಸವೆದ ಅಂಗಿ, ಮನೆಯಲ್ಲಿ ಸುಣ್ಣ ಹಚ್ಚುವಾಗ ಹಾಕಿಕೊಳ್ಳುವ ಪ್ಯಾಂಟು, ಹವಾಯಿ ಚಪ್ಪಲಿ. ದೀನನಾಗಿ ಕಂಡರೆ ಟಿಕೇಟು ಖಾತ್ರಿ ಎಂಬ ಲೆಕ್ಕ. ಹೆಂಡತಿ ನೋಡಿ, "ಎಲ್ಲಿಗೆ ಹೊಂಟೀರಿ, ಗಟಾರ ತೆಗ್ಯಾಕ?" ಎಂದಳು.

ದೊಡ್ಡಕ್ಕನಿಗೂ ಹೇಳಿ ಕಳಿಸಿದ್ದೆ. ಆ ಹೊತ್ತಿಗೆ ಅವಳೇ ಮುಕಾದಮಳಾಗಿದ್ದಳು. ಕೈಕೆಳಗೆ ಅರವತ್ತು ಜನ. ಕೋಥರೂಡದಲ್ಲೇ ಇನ್ನೊಂದು ಕಡೆ ಕೆಲಸ ನಡೆದಿತ್ತು. ಅವಳ ಮನೆಗೆ ಅತಿಥಿಗಳು ಬರುತ್ತಾರೆಂದರೆ ಅವಳ ಪದ್ಧತಿಯೇ ಬೇರೆ. ಇಳಕಲ್ಲು ಸೀರೆ ಉಟ್ಟು, ಕೈತುಂಬ ಬಳೆ ಹಾಕಿ, ಕೊರಳಲ್ಲಿ ಬಂಗಾರದ ಬೋರಮಾಳ ಸರ ಇಟ್ಟು ನಿಂತಿದ್ದಳು. ಹೆಂಗಸರೆಲ್ಲ ಹೂ ಮುಡಿದಿದ್ದರು. ಗಂಡಸರು ಬಿಳಿ ಅಂಗಿ, ಇಸ್ತ್ರಿ ಹೊಡೆದದ್ದು. ನಾವು ಸಮಿತಿಯವರು ಏಳು ಜನ ಹರಕು ಮುರುಕು ಬಟ್ಟೆಯಲ್ಲಿ ಅವರ ನಡುವೆ ನಿಂತೆವು.

ಬೆಳಿಗ್ಗೆಯಿಂದ ಅತಿಥಿಗಳ ವ್ಯವಸ್ಥೆಗೆ ಸ್ಕೂಟರಿನ ಮೇಲೆ ಓಡಾಡಿ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮೊದಲೇ ಸಕ್ಕರೆ ಕಾಯಿಲೆಯವನು. ಬಿಸಿಲಲ್ಲಿ ಒಮ್ಮೆಗೇ ಕಣ್ಣು ಕತ್ತಲಿಟ್ಟು, ಕಾಲು ಜಾರಿ ಕಲಸಿಟ್ಟ ಸಿಮೆಂಟಿನಲ್ಲಿ ಮೊಣಕಾಲೂರಿದೆ. ಮೊದಲು ನೋಡಿದವಳು ದೊಡ್ಡಕ್ಕ. ರಟ್ಟೆ ಹಿಡಿದೆತ್ತಿ ಇಟ್ಟಂಗಿ ರಾಶಿಯ ಮೇಲೆ ಕೂರಿಸಿದಳು. "ಮಾತಾಡಬ್ಯಾಡ್ರಿ, ಮೊದಲು ಉಣ್ರಿ," ಎಂದು ಒಳಗಿನಿಂದ ಬಿಸಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದಳು. ನಾನು ಎರಡೂ ಕೈ ಚಾಚಿದೆ. ಆ ರೊಟ್ಟಿಯ ರುಚಿ ಇವತ್ತಿಗೂ ನಾಲಗೆಯಲ್ಲಿದೆ. ಜೀವ ಬಂದಂತಾಗಿ ಅವಳ ಮುಖ ನೋಡಿ ನಕ್ಕೆ.

ಎದುರಿಗೆ ಜರ್ಮನಿಯ ಹೆಂಗಸು ಕ್ಯಾಮೆರಾ ಹಿಡಿದು ನಿಂತಿದ್ದರು. ಆಗಷ್ಟೇ ಬಂದಿಳಿದಿದ್ದರು, ಯಾರು ಯಾರೆಂದು ಅವರಿಗೆ ಇನ್ನೂ ಪರಿಚಯ ಮಾಡಿಸಿರಲಿಲ್ಲ. ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಹೇಳಿದರು: ದಯವಿಟ್ಟು ನಗಬೇಡಿ.

ನಾನು ಮಾರಿ ಸಣ್ಣದು ಮಾಡಿದೆ. ನಿಜ ಹೇಳುತ್ತೇನೆ, ಅಭ್ಯಾಸ ಬಲದಿಂದ ಮಾಡಿಬಿಟ್ಟೆ. ಫೋಟೋ ಎಂದರೆ ಹಾಗೇ ತೆಗೆಯುವುದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಡಿಸೆಂಬರಿನಲ್ಲಿ ಜರ್ಮನಿಯಿಂದ ಮುಂದಿನ ವರ್ಷದ ಕ್ಯಾಲೆಂಡರ್ ಬಂತು, ದಪ್ಪ ಹೊಳಪು ಕಾಗದ. ಆರಾಧನೆ ಮುಗಿದ ಮೇಲೆ ಸಭಾಪಾಲಕರು ಎಲ್ಲರೆದುರು ಒಂದೊಂದೇ ತಿಂಗಳು ತಿರುವಿದರು. ಮೇ ತಿಂಗಳಿಗೆ ಬಂದು ನಿಂತರು. ತಿಂಗಳ ಮೇಲೆ ಅರ್ಧ ಹಾಳೆ ತುಂಬ ನಾನು. ಸಿಮೆಂಟು ಮೆತ್ತಿದ ಪ್ಯಾಂಟು, ಹರಿದ ಕಾಲರು, ಚಾಚಿದ ಎರಡು ಕೈ. ಎದುರಿಗೆ ಇಳಕಲ್ಲು ಸೀರೆಯಲ್ಲಿ ದೊಡ್ಡಕ್ಕ, ಸಾಕ್ಷಾತ್ ಅಧ್ಯಕ್ಷರಂತೆ. ಕೆಳಗೆ ಜರ್ಮನ್ ಭಾಷೆಯಲ್ಲಿ ಒಂದು ಸಾಲು. ನಮ್ಮಲ್ಲಿ ಜರ್ಮನ್ ಕಲಿಯುತ್ತಿದ್ದ ಒಬ್ಬ ಹುಡುಗಿ ಎದ್ದು ಬಂದು ಓದಿದಳು, ಕನ್ನಡದಲ್ಲಿ ಹೇಳುವಾಗ ಸ್ವಲ್ಪ ತಡೆದಳು.

"ಪುಣೆಯ ಸೇವಾ ಸಮಿತಿಯ ಸಹೋದರಿಯೊಬ್ಬರು... ದಿಕ್ಕಿಲ್ಲದ ಕೂಲಿಗಾರನಿಗೆ ಊಟ ನೀಡುತ್ತಿರುವುದು."

ಹಿಂದಿನ ಬೆಂಚಿನಿಂದ ಮೊದಲು ನಗಲು ಶುರು ಮಾಡಿದವಳು ನನ್ನ ಹೆಂಡತಿಯೇ.

ಕ್ಯಾಲೆಂಡರಿನ ಜೊತೆಗೆ ಪತ್ರವೂ ಇತ್ತು. ನಿಮ್ಮಲ್ಲಿ ಒಬ್ಬರನ್ನು ಕರೆಸಿಕೊಳ್ಳಲು ಎಲ್ಲ ಸಿದ್ಧವಾಗಿದೆ, ಮೇ ತಿಂಗಳ ಚಿತ್ರದಲ್ಲಿರುವ ಸಹೋದರಿಯನ್ನೇ ಕಳುಹಿಸಿ, ಅಷ್ಟು ಪ್ರೀತಿಯಿಂದ ಬಡಿಸುವವರನ್ನು ನಾವು ನೋಡಿಲ್ಲ, ಎಂದು. ನನ್ನ ಪಾಸ್‌ಪೋರ್ಟ್ ಕಪಾಟಿನಲ್ಲೇ ಉಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ವರ್ಷವೇ ನನ್ನ ಮಗಳ ಮದುವೆಯಾಗಿತ್ತು, ಗದಗಿನ ಮನೆತನಕ್ಕೆ. ಜರ್ಮನಿಯವರಿಗೆ ಗದಗಿನಲ್ಲೂ ಪರಿಚಯದವರಿದ್ದರು, ಅಲ್ಲಿಗೂ ಕ್ಯಾಲೆಂಡರ್ ಹೋಗಿತ್ತು. ಬೀಗರು ಫೋನು ಮಾಡಿದರು. ಬಹಳ ಹೊತ್ತು ಹವೆ, ಆರೋಗ್ಯ ಎಂದು ಅಲ್ಲಲ್ಲೇ ಸುತ್ತಾಡಿ ಕೊನೆಗೆ, "ತಪ್ಪು ತಿಳೀಬ್ಯಾಡ್ರಿ ಬೀಗರ. ಲಗ್ನದಾಗ ಕೈ ಭಾಳ ಬಿಗಿ ಆತೇನು? ಮೊದಲ ಹೇಳಿದ್ರ ಬೆಳ್ಳಿ ತಾಟು ಬ್ಯಾಡ ಅಂತಿದ್ವಿ," ಎಂದರು. ಮಗಳು ಹಿಂದಿನಿಂದ ಅಳುತ್ತಿದ್ದಳೋ ನಗುತ್ತಿದ್ದಳೋ ಫೋನಿನಲ್ಲಿ ತಿಳಿಯಲಿಲ್ಲ. ಆ ಕ್ಷಣದಲ್ಲಿ ನನಗೆ ಕಚೇರಿಯ ಬಾಗಿಲಲ್ಲಿ ನಿಂತ ದೊಡ್ಡಕ್ಕನ ಮುಖ ನೆನಪಾಯಿತು. ಅವಳಿಗೆ ಏನಾಗಿತ್ತು ಎಂಬುದು ಚಾಕಣಕ್ಕೆ ಹೋಗಿ ಬಂದಾಗಲೂ ನನಗೆ ಪೂರ್ತಿ ತಿಳಿದಿರಲಿಲ್ಲ. ಅವತ್ತು ತಿಳಿಯಿತು.

ಮರುದಿನ ಕ್ಯಾಲೆಂಡರ್ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ದೊಡ್ಡಕ್ಕನ ಹತ್ತಿರ ಹೋದೆ. ಜರ್ಮನಿಯವರು ಕರೆದ ಸುದ್ದಿ ಹೇಳಿದೆ. "ಎಷ್ಟು ದಿನ?" ಎಂದಳು. ಹದಿನೈದು ದಿನ ಎಂದೆ. "ಆಗೂದಿಲ್ರಿ, ಮುಂದಿನ ವಾರ ಸ್ಲ್ಯಾಬು ಹಾಕೋದದ," ಎಂದು ಜರ್ಮನಿಯನ್ನು ಅಲ್ಲಿಗೇ ಬಿಟ್ಟಳು. ಆಮೇಲೆ ಚಿತ್ರ ತೋರಿಸಿದೆ. ಸಾಲಿನ ಅರ್ಥ ಹೇಳಿದೆ. ಬೀಗರ ಫೋನಿನ ಮಾತೂ ಹೇಳಿದೆ. ಹತ್ತು ವರ್ಷದ ಹಿಂದಿನ ಆ ಕೋಟಿನ ಫೋಟೋಕ್ಕೆ, ಅದರ ಕೆಳಗೆ ನಾನು ಬರೆದದ್ದಕ್ಕೆ, ಅವಳ ಎದುರು ತಪ್ಪಾಯಿತು ಎಂದು ಒಮ್ಮೆಯೂ ಹೇಳಿರಲಿಲ್ಲ. ಅವತ್ತು ಹೇಳಿದೆ.

ಅವಳು ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದಳು. ನನ್ನ ಮುಖ ನೋಡಿದಳು, ಮತ್ತೆ ಚಿತ್ರ ನೋಡಿದಳು. ನಗು ಅವಳ ಹೊಟ್ಟೆಯಿಂದ ಎದ್ದು ಬಂತು. ಇಟ್ಟಂಗಿ ಹೊರುತ್ತಿದ್ದ ಹೆಂಗಸರು ನಿಂತು ನೋಡುವಷ್ಟು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಕ್ಯಾಲೆಂಡರನ್ನು ನೀಟಾಗಿ ಸುತ್ತಿ ನನ್ನ ಕೈಗಿಟ್ಟಳು.

"ಫಿಕರ್ ಮಾಡಬ್ಯಾಡ್ರಿ ಅಣ್ಣಾರ. ಸ್ಲ್ಯಾಬು ಒಂದು ಮುಗೀಲಿ, ಗದಗಿಗೆ ಹೋಗೂಣು. ನಿಮ್ಮ ಬೀಗರ ಮುಂದ ನಿಂತು ನಾ ಹೇಳ್ತೀನಿ. ಇವರು ಬೇಡಲಿಲ್ರಿ, ನಾನ ಕರದು ಕೊಟ್ಟೆ ಅಂತ."